ಯಾವ ಭಯಕ್ಕೆ ಹೆಸರಿಟ್ಟರು?

2001ರ ಸೆಪ್ಟೆಂಬರ್ 12, ಬುಧವಾರ. ಬೆಳಗಿನ ಬಸ್ಸಿಗೆ ಬಂದ ಪೇಪರನ್ನು ಹಿಡಿದುಕೊಂಡು ನಾವು ಮೂವರು ಮೇಷ್ಟ್ರುಗಳು ಸ್ಕೂಲಿಗೆ ಹೋದೆವು. ನ್ಯೂಯಾರ್ಕಿನ ಎರಡು ಗೋಪುರಗಳು ಉರಿಯುತ್ತಿದ್ದ ಚಿತ್ರ. ಪ್ರಾರ್ಥನೆ ಮುಗಿದ ಮೇಲೆ ಎರಡು ನಿಮಿಷ ಮೌನ ಅಂದರು. ಮಕ್ಕಳು ನಿಂತರು. ಯಾರು ಸತ್ತದ್ದು, ಎಲ್ಲಿ ಸತ್ತದ್ದು ಅನ್ನೋದು ಅರ್ಧಕ್ಕರ್ಧ ಮಕ್ಕಳಿಗೆ ತಿಳಿದಿರಲಿಲ್ಲ. ಆದರೂ ನಿಂತರು. ಸತ್ತವರಿಗಾಗಿ ನಿಲ್ಲಲೇಬೇಕು, ನಮ್ಮ ತಕರಾರೇನೂ ಇರಲಿಲ್ಲ. ಸುಮಾರು ಮೂರು ಸಾವಿರ ಜನ ಕೂಲಿ ಮಾಡಲು, ಗುಮಾಸ್ತಿಕೆ ಮಾಡಲು, ನೆಲ ಒರೆಸಲು ಹೋದವರು ಮನೆಗೆ ವಾಪಸ್ ಬರಲಿಲ್ಲ.

ಆಮೇಲೆ ಒಂಬತ್ತನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ 'ಭಯೋತ್ಪಾದನೆ' ಅಂತ ಬರೆದು, 'ಜನರಲ್ಲಿ ಭಯ ಹುಟ್ಟಿಸಿ ತಮ್ಮ ಮಾತು ನಡೆಸಿಕೊಳ್ಳುವುದು' ಎಂದು ಅರ್ಥ ಹೇಳಿದೆವು. ಕೇರಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಕೊನೇ ಸಾಲಿನಿಂದ ಎದ್ದಳು. "ಸಾ, ಹಂಗಾದ್ರೆ ಮೊನ್ನೆ ಬಾವಿ ವಿಷ್ಯಕ್ಕೆ ನಮ್ ಕೇರಿಗೆ ದೊಣ್ಣೆ ಹಿಡ್ಕಂಡು ಬಂದಿದ್ರಲ್ಲ, ಅವ್ರೂ ಅದೇನಾ ಸಾ?"

ಕ್ಲಾಸು ಗಪ್ಪಾಯಿತು. ದೊಣ್ಣೆ ಹಿಡಿದು ಬಂದವರ ಮಕ್ಕಳೂ ಅದೇ ಕ್ಲಾಸಿನಲ್ಲಿ ಕೂತಿದ್ದರು. "ಅದು ಬೇರೆ, ಕೂತ್ಕೊಳಮ್ಮ" ಅಂದೆವು. ಮೂವರಲ್ಲಿ ಹಾಗಂದವರು ಯಾರು ಅನ್ನೋದು ಬೇಡ. ಯಾರಿದ್ದಿದ್ದರೂ ಅದನ್ನೇ ಹೇಳುತ್ತಿದ್ದೆವು.

ಆ 'ಅದು ಬೇರೆ' ನಮ್ಮನ್ನು ಸುಮ್ಮನೆ ಬಿಡಲಿಲ್ಲ. ಅಮೆರಿಕದ ನೆಲದಲ್ಲಿ ಇಂಥದ್ದು ಹಿಂದೆಂದೂ ನಡೆದಿರಲಿಲ್ಲ ಅನ್ನುವ ಮಾತು ಆ ದಿನಗಳಲ್ಲಿ ಎಲ್ಲ ಕಡೆ. ನಮಗೆ ಅನುಮಾನ. ಯಾಕೆಂದರೆ ಅಮೆರಿಕವನ್ನು ನಾವು ಮೊದಲು ಕಂಡದ್ದು ಗೋಪುರಗಳ ಕಡೆಯಿಂದ ಅಲ್ಲ. 1972ರಲ್ಲಿ ಬೊಂಬಾಯಿಯ ದಲಿತ ಹುಡುಗರು ತಮ್ಮ ಸಂಘಟನೆಗೆ ಪ್ಯಾಂಥರ್ ಅಂತ ಹೆಸರಿಟ್ಟುಕೊಂಡಾಗ, ಆ ಹೆಸರು ಬಂದದ್ದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಊರಿನ ಕರಿಯರ ಕೇರಿಗಳಿಂದ. ಅದಕ್ಕೂ ಮೊದಲು, 1946ರಲ್ಲಿ, ಬಾಬಾಸಾಹೇಬರು ಕರಿಯರ ಚಿಂತಕ ಡುಬಾಯ್ಸ್ ಅವರಿಗೆ ಕಾಗದ ಬರೆದು, ವಿಶ್ವಸಂಸ್ಥೆಗೆ ಅಲ್ಲಿನ ಕರಿಯರು ಕೊಟ್ಟಿರುವ ಮನವಿಯ ಪ್ರತಿ ಬೇಕು ಎಂದು ಕೇಳಿದ್ದರು. ಅಂದರೆ ಆ ದೇಶಕ್ಕೆ ನಮ್ಮ ದಾರಿ ಹಿತ್ತಲಿನಿಂದ. ಹಿತ್ತಲಿನಿಂದಲೇ ಹೋಗಿ ನೋಡೋಣ ಅಂತ ಓದಲು ಕೂತೆವು. ಇಪ್ಪತ್ತು ವರ್ಷದ ಮೇಲಾಯಿತು, ಓದು ಇನ್ನೂ ಮುಗಿದಿಲ್ಲ.

ಗುಲಾಮಗಿರಿ ಉಳಿಯಬೇಕು ಅಂತ ಯುದ್ಧ ಮಾಡಿ ಸೋತ ದಕ್ಷಿಣ ರಾಜ್ಯಗಳಲ್ಲಿ, ಟೆನೆಸ್ಸೀಯ ಪುಲಾಸ್ಕಿ ಎಂಬ ಸಣ್ಣ ಊರಲ್ಲಿ, 1865–66ರ ಚಳಿಗಾಲದಲ್ಲಿ ಸೋತ ಸೈನ್ಯದ ಆರು ಮಂದಿ ಸೇರಿ ಒಂದು ಕೂಟ ಕಟ್ಟಿದರು. ಅದೇ ಕೂ ಕ್ಲಕ್ಸ್ ಕ್ಲಾನ್. ರಾತ್ರಿ ಹೊತ್ತು ಮುಸುಕು ಹಾಕಿ ಕುದುರೆ ಮೇಲೆ ಬರುವುದು, ಓಟು ಹಾಕಿದ ಕರಿಯರನ್ನು ಬಾರುಕೋಲಿನಿಂದ ಹೊಡೆಯುವುದು, ಕೊಲ್ಲುವುದು, ಕರಿಯ ಮಕ್ಕಳ ಶಾಲೆಗೆ ಬೆಂಕಿ ಇಡುವುದು, ಪಾಠ ಹೇಳುವ ಮೇಷ್ಟ್ರನ್ನು ಊರು ಬಿಡಿಸುವುದು. ಮೇಷ್ಟ್ರುಗಳಾದ ನಮಗೆ ಈ ಕೊನೇದು ಓದುವಾಗ ಬೆನ್ನು ಚುಳ್ಳೆಂದಿತು. ಗುರಿ ಒಂದೇ: ಓಟು ಹಾಕಬೇಡ, ಓದಬೇಡ, ಜಮೀನು ಕೇಳಬೇಡ. ನಾವು ಬೋರ್ಡಿನ ಮೇಲೆ ಬರೆದ ಅರ್ಥಕ್ಕೆ ಇದಕ್ಕಿಂತ ಸರಿಯಾದ ಉದಾಹರಣೆ ಇನ್ನೆಲ್ಲಿ?

ಆಗ ಕರಿಯರ ಪರ ಇದ್ದದ್ದು ಲಿಂಕನ್ನರ ರಿಪಬ್ಲಿಕನ್ ಪಕ್ಷ. ಕ್ಲಾನಿನವರ ಪರ ಇದ್ದದ್ದು ಡೆಮಾಕ್ರಟಿಕ್ ಪಕ್ಷ. ಇವತ್ತಿನ ಲೆಕ್ಕ ಹಿಡಿದು ಓದಿದರೆ ತಲೆಕೆಳಗು ಕಾಣುತ್ತದೆ. 1871ರ ಏಪ್ರಿಲ್ 20ರಂದು ರಿಪಬ್ಲಿಕನ್ ಅಧ್ಯಕ್ಷ ಗ್ರಾಂಟ್ ಕ್ಲಾನಿನ ವಿರುದ್ಧ ಕಾಯ್ದೆಗೆ ಸಹಿ ಹಾಕಿದ. ಡೆಮಾಕ್ರಟರು ಅದನ್ನು ವಿರೋಧಿಸಿದರು. ಅಕ್ಟೋಬರಿನಲ್ಲಿ ದಕ್ಷಿಣ ಕೆರೊಲಿನಾದ ಒಂಬತ್ತು ಜಿಲ್ಲೆಗಳಲ್ಲಿ ಹೇಬಿಯಸ್ ಕಾರ್ಪಸ್ ಅಮಾನತು ಮಾಡಿ, ಸೈನ್ಯ ಕಳಿಸಿ, ನೂರಾರು ಮುಸುಕಿನವರನ್ನು ಹಿಡಿಸಿದ. ಕ್ಲಾನ್ ಮುರಿದುಬಿತ್ತು. ಮನಸ್ಸಿದ್ದರೆ ಸರ್ಕಾರಕ್ಕೆ ಆಗುತ್ತದೆ ಅನ್ನೋದಕ್ಕೆ ಇದು ಸಾಕ್ಷಿ.

ಮನಸ್ಸು ಎಷ್ಟು ದಿನ ಇತ್ತು ಅಂತ ಕೇಳಬೇಡಿ. 1873ರ ಏಪ್ರಿಲ್ 13, ಈಸ್ಟರ್ ಭಾನುವಾರ, ಲೂಸಿಯಾನಾದ ಕೋಲ್‌ಫ್ಯಾಕ್ಸಿನಲ್ಲಿ ಕೋರ್ಟು ಕಟ್ಟಡದೊಳಗೆ ಸೇರಿದ್ದ ಕರಿಯರನ್ನು ಬಿಳಿಯರ ಗುಂಪು ಕೊಂದಿತು. ಶರಣಾದವರನ್ನೂ ಬಿಡಲಿಲ್ಲ. ಸತ್ತವರು ನೂರರ ಹತ್ತಿರ. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1876ರಲ್ಲಿ ಕೋರ್ಟು ಹೇಳಿದ್ದು: ಸಂವಿಧಾನದ ಈ ತಿದ್ದುಪಡಿ ಕಟ್ಟಿಹಾಕುವುದು ರಾಜ್ಯ ಸರ್ಕಾರಗಳನ್ನು, ಖಾಸಗಿ ಮನುಷ್ಯರನ್ನಲ್ಲ. ಶಿಕ್ಷೆ ಬಿದ್ದುಹೋಯಿತು. ಮರುವರ್ಷ, 1877ರಲ್ಲಿ, ಅಧ್ಯಕ್ಷಗಿರಿ ಯಾರಿಗೆ ಅನ್ನೋ ಜಗಳ ಬಂತು. ಎರಡೂ ಪಕ್ಷಗಳು ಒಳಗೊಳಗೇ ರಾಜಿಯಾದವು. ರಿಪಬ್ಲಿಕನ್ನರಿಗೆ ಕುರ್ಚಿ. ದಕ್ಷಿಣದಲ್ಲಿ ಕರಿಯರ ಸರ್ಕಾರಗಳಿಗೆ ಕಾವಲಿದ್ದ ಸೈನ್ಯ ಬ್ಯಾರಕ್ಕಿಗೆ ವಾಪಸ್. ಯಾರನ್ನು ಕೊಟ್ಟು ಯಾರು ಏನು ತಗೊಂಡರು ಅಂತ ನಮ್ಮಂಥವರಿಗೆ ಬಿಡಿಸಿ ಹೇಳಬೇಕಿಲ್ಲ.

ಆಮೇಲಿನದು ಹಗ್ಗ ಮತ್ತು ಮರದ ಕಾಲ. ಲಿಂಚಿಂಗ್ ಅಂತಾರೆ. 1877ರಿಂದ 1950ರೊಳಗೆ ಹೀಗೆ ಸತ್ತ ಕರಿಯರು 4,400ಕ್ಕೂ ಹೆಚ್ಚು ಅಂತ ಅಲ್ಲಿನವರೇ ಒಂದೊಂದಾಗಿ ಲೆಕ್ಕ ಹಾಕಿದ್ದಾರೆ. ಜಾತ್ರೆಗೆ ಬಂದಂತೆ ಹೆಂಡತಿ ಮಕ್ಕಳ ಸಮೇತ ಬಂದು ನೋಡುತ್ತಿದ್ದರು. ಫೋಟೋ ತೆಗೆದು ಪೋಸ್ಟ್‌ಕಾರ್ಡ್ ಮಾಡಿ ನೆಂಟರಿಗೆ ಕಳಿಸುತ್ತಿದ್ದರು. ಗುಲಾಮಗಿರಿಯಲ್ಲೇ ಹುಟ್ಟಿದ ಐಡಾ ಬಿ. ವೆಲ್ಸ್ ಎಂಬ ಹೆಣ್ಣುಮಗಳು ಮೆಂಫಿಸಿನಲ್ಲಿ ಮೇಷ್ಟ್ರಾಗಿದ್ದು ಆಮೇಲೆ ಪತ್ರಿಕೆ ನಡೆಸುತ್ತಿದ್ದಳು. 1892ರಲ್ಲಿ ಅವಳ ಗೆಳೆಯರು ಮೂವರನ್ನು ಕೊಂದರು. ಅವರ ತಪ್ಪು, ದಿನಸಿ ಅಂಗಡಿ ಚೆನ್ನಾಗಿ ನಡೆಸುತ್ತಿದ್ದದ್ದು. ಪಕ್ಕದ ಬಿಳಿಯನ ಅಂಗಡಿಗೆ ವ್ಯಾಪಾರ ಕಮ್ಮಿಯಾಗಿತ್ತು. ಅವಳು ಬರೆದಳು. ಅವಳ ಪತ್ರಿಕೆಯ ಕಚೇರಿ ಪುಡಿಪುಡಿ ಮಾಡಿದರು. ಅವಳು ಊರಿಗೆ ವಾಪಸ್ ಹೋಗಲಾರದೆ ಬೇರೆ ಊರುಗಳಿಂದ ಬರೆದಳು, ಲೆಕ್ಕ ಇಟ್ಟಳು, ಪುಸ್ತಿಕೆ ಅಚ್ಚು ಹಾಕಿಸಿದಳು. ಮೊಳೆ ಜೋಡಿಸುವವರ ಬಾಕಿ ತೀರಿಸಲಾಗದೆ ಪತ್ರಿಕೆ ನಿಲ್ಲಿಸಿದ ಅನುಭವ ಈ ಪುಟಗಳನ್ನು ಓದುವ ಕೆಲವರಿಗಾದರೂ ಇರುತ್ತದೆ. ಅವಳ ಎದುರು ನಾವು ಬಾಯಿ ಮುಚ್ಚಿಕೊಳ್ಳಬೇಕು.

ಪಕ್ಷಗಳು ಏನು ಮಾಡಿದವು? 1898ರ ನವೆಂಬರಿನಲ್ಲಿ ಉತ್ತರ ಕೆರೊಲಿನಾದ ವಿಲ್ಮಿಂಗ್ಟನ್ನಿನಲ್ಲಿ ಡೆಮಾಕ್ರಟರ ಬಂದೂಕಿನ ಗುಂಪು ಚುನಾಯಿತ ನಗರಸಭೆಯನ್ನೇ ಕಿತ್ತೆಸೆಯಿತು, ಕರಿಯರ ಪತ್ರಿಕೆಯ ಕಚೇರಿ ಸುಟ್ಟಿತು. ವಾಷಿಂಗ್ಟನ್ನಿನಲ್ಲಿ ಕೂತಿದ್ದ ರಿಪಬ್ಲಿಕನ್ ಅಧ್ಯಕ್ಷ ಮೆಕಿನ್ಲಿ ಸೈನ್ಯ ಕಳಿಸಲಿಲ್ಲ. 1900ರಲ್ಲಿ ಅಲ್ಲಿನ ಪಾರ್ಲಿಮೆಂಟಿನಲ್ಲಿ ಉಳಿದಿದ್ದ ಒಬ್ಬನೇ ಒಬ್ಬ ಕರಿಯ ಸದಸ್ಯ ಜಾರ್ಜ್ ಹೆನ್ರಿ ವೈಟ್ ಲಿಂಚಿಂಗ್ ವಿರುದ್ಧ ಮಸೂದೆ ತಂದ. ಬಿದ್ದುಹೋಯಿತು. 1922ರ ಜನವರಿಯಲ್ಲಿ ರಿಪಬ್ಲಿಕನ್ ಸದಸ್ಯ ಡೈಯರ್ ತಂದ ಮಸೂದೆ ಕೆಳಮನೆಯಲ್ಲಿ 231ಕ್ಕೆ 119 ಮತಗಳಿಂದ ಗೆದ್ದಿತು. ಸೆನೆಟ್ಟಿನಲ್ಲಿ ದಕ್ಷಿಣದ ಡೆಮಾಕ್ರಟರು ಮಾತಾಡಿ ಮಾತಾಡಿಯೇ ಅದನ್ನು ಕೊಂದರು. ಬಹುಮತ ಇದ್ದ ರಿಪಬ್ಲಿಕನ್ನರು ಸುಮ್ಮನೆ ಕೈಚೆಲ್ಲಿದರು.

1924 ಇನ್ನೂ ಸೊಗಸು. ನ್ಯೂಯಾರ್ಕಿನಲ್ಲಿ ಡೆಮಾಕ್ರಟರ ಮಹಾಸಭೆ. ಕ್ಲಾನ್ ಮತ್ತೆ ಎದ್ದು ಲಕ್ಷಗಟ್ಟಲೆ ಸದಸ್ಯರನ್ನು ಮಾಡಿಕೊಂಡಿದ್ದ ಕಾಲ. ಕ್ಲಾನನ್ನು ಖಂಡಿಸಬೇಕೋ ಬೇಡವೋ ಅನ್ನೋದಲ್ಲ ಅಲ್ಲಿನ ಜಗಳ. ಹೆಸರು ಹಿಡಿದು ಖಂಡಿಸಬೇಕೋ, ಹೆಸರಿಲ್ಲದೆ ಖಂಡಿಸಬೇಕೋ! ಸಾವಿರಕ್ಕೂ ಹೆಚ್ಚು ಮತಗಳಲ್ಲಿ ಪೂರ್ತಿ ಒಂದು ಮತವೂ ಇಲ್ಲದ ಅಂತರದಲ್ಲಿ 'ಹೆಸರು ಬೇಡ' ಅನ್ನೋರು ಗೆದ್ದರು. ಆ ವರ್ಷ ರಿಪಬ್ಲಿಕನ್ನರ ಪ್ರಣಾಳಿಕೆಯಲ್ಲೂ ಹೆಸರಿಲ್ಲ. ಇದನ್ನು ಓದಿದ ರಾತ್ರಿ ನಮಗೆ 'ಅದು ಬೇರೆ, ಕೂತ್ಕೊಳಮ್ಮ' ನೆನಪಾಗಿ ಊಟ ಸೇರಲಿಲ್ಲ. ನಾವೂ ಹೆಸರು ಬೇಡ ಅಂದವರೇ ತಾನೇ.

ಬಡವರ ಪಾಲಿನ ದೇವರು ಅಂತ ಹೊಗಳಿಸಿಕೊಂಡ ರೂಸ್‌ವೆಲ್ಟ್ ಕೂಡ ಲಿಂಚಿಂಗ್ ಮಸೂದೆಯ ಬೆನ್ನಿಗೆ ನಿಲ್ಲಲಿಲ್ಲ. ದಕ್ಷಿಣದ ತನ್ನದೇ ಪಕ್ಷದ ಸೆನೆಟರುಗಳು ಮುನಿದರೆ ಬೇರೆ ಕಾರ್ಯಕ್ರಮಗಳು ನಿಂತಾವು ಅನ್ನೋ ಅಂಜಿಕೆ. 1963ರ ಸೆಪ್ಟೆಂಬರ್ 15ರಂದು ಬರ್ಮಿಂಗ್‌ಹ್ಯಾಮಿನ ಚರ್ಚಿನಲ್ಲಿ ಬಾಂಬು ಸಿಡಿದು ನಾಲ್ಕು ಹೆಣ್ಣುಮಕ್ಕಳು ಸತ್ತರು. ಮೂವರಿಗೆ 14, ಒಬ್ಬಳಿಗೆ 11 ವರ್ಷ. ನಮ್ಮ ಒಂಬತ್ತನೇ ಕ್ಲಾಸಿನ ವಯಸ್ಸು. ಕ್ಲಾನಿನವರೇ ಇಟ್ಟದ್ದು ಅಂತ ಪೊಲೀಸರಿಗೆ ಗೊತ್ತಿತ್ತು. ಒಬ್ಬನಿಗೆ ಶಿಕ್ಷೆಯಾದದ್ದು 1977ರಲ್ಲಿ. ಇನ್ನೊಬ್ಬನಿಗೆ 2001ರ ಮೇ ತಿಂಗಳಲ್ಲಿ, ಅಂದರೆ ಗೋಪುರಗಳು ಬೀಳೋದಕ್ಕೆ ನಾಲ್ಕು ತಿಂಗಳು ಮೊದಲು. ಮೂರನೆಯವನಿಗೆ 2002ರಲ್ಲಿ. ಅಮೆರಿಕ ಹಿಂದೆಂದೂ ಕಂಡಿರಲಿಲ್ಲವಂತೆ!

ಒಂದು ಮಾತು ಹೇಳದಿದ್ದರೆ ಅನ್ಯಾಯ. 1964, 65ರಲ್ಲಿ ಡೆಮಾಕ್ರಟ್ ಜಾನ್ಸನ್ ನಾಗರಿಕ ಹಕ್ಕಿನ ಕಾಯ್ದೆ, ಓಟಿನ ಕಾಯ್ದೆ ತಂದ. ಕ್ಲಾನನ್ನು ಹೆಸರು ಹಿಡಿದೇ ಬೈದ. ದಕ್ಷಿಣದ ಬಿಳಿಯರು ಮುನಿದು ಮೆಲ್ಲಗೆ ರಿಪಬ್ಲಿಕನ್ನರ ಕಡೆ ನಡೆದರು. ಆ ಪಕ್ಷವೂ ಬಾಗಿಲು ತೆರೆದು ಕರೆಯಿತು. 1964ರಲ್ಲಿ ಮಿಸಿಸಿಪ್ಪಿಯ ಫಿಲಡೆಲ್ಫಿಯಾದಲ್ಲಿ ಓಟಿನ ಕೆಲಸಕ್ಕೆ ಬಂದ ಮೂವರು ಯುವಕರನ್ನು ಕ್ಲಾನಿನವರು ಕೊಂದು ಮಣ್ಣಿನ ಏರಿಯಲ್ಲಿ ಹೂತಿದ್ದರು. 1980ರ ಆಗಸ್ಟಿನಲ್ಲಿ ಅದೇ ಊರ ಹತ್ತಿರದ ಜಾತ್ರೆಗೆ ಹೋಗಿ ರೇಗನ್ 'ರಾಜ್ಯಗಳ ಹಕ್ಕು' ಅಂತ ಭಾಷಣ ಮಾಡಿದ. ಸತ್ತ ಮೂವರ ಮಾತೆತ್ತಲಿಲ್ಲ. ಕೇಳುವವರಿಗೆ ಅರ್ಥವಾಯಿತು.

ಆದರೆ ಅದೇ ಜಾನ್ಸನ್ನನ ಕಾಲದಲ್ಲೇ, 1967ರಲ್ಲಿ, ಎಫ್‌ಬಿಐ ಕರಿಯರ ಸಂಘಟನೆಗಳನ್ನು ಒಳಗಿಂದ ಒಡೆಯುವ ಗುಟ್ಟಿನ ಕೆಲಸ ಶುರುಮಾಡಿತು. 1969ರಲ್ಲಿ ಅದರ ಮುಖ್ಯಸ್ಥ ಹೂವರ್, ದೇಶದ ಒಳಭದ್ರತೆಗೆ ಎಲ್ಲಕ್ಕಿಂತ ದೊಡ್ಡ ಅಪಾಯ ಬ್ಲ್ಯಾಕ್ ಪ್ಯಾಂಥರ್ ಅಂತ ಹೇಳಿದ. ಅವರು ಬಂದೂಕು ಹಿಡಿದದ್ದು ನಿಜ. ಶಾಲೆಗೆ ಹೋಗುವ ಮಕ್ಕಳಿಗೆ ಬೆಳಿಗ್ಗೆ ತಿಂಡಿ ಹಾಕುತ್ತಿದ್ದದ್ದೂ ನಿಜ. ಆ ಡಿಸೆಂಬರ್ 4ರ ನಸುಕಿನಲ್ಲಿ ಚಿಕಾಗೊದ ಪ್ಯಾಂಥರ್ ನಾಯಕ ಫ್ರೆಡ್ ಹ್ಯಾಂಪ್ಟನ್ನನನ್ನು ಪೊಲೀಸರು ಹಾಸಿಗೆಯಲ್ಲೇ ಕೊಂದರು. 21 ವರ್ಷ. ಚಿಕಾಗೊ ಡೆಮಾಕ್ರಟರ ಕೈಲಿತ್ತು, ವಾಷಿಂಗ್ಟನ್ ರಿಪಬ್ಲಿಕನ್ ನಿಕ್ಸನ್ನನ ಕೈಲಿತ್ತು. ಇನ್ನೂ ಒಂದು, ಹೇಳೋಕೆ ನಮಗೇ ಕಷ್ಟವಾದದ್ದು: 1985ರ ಮೇ 13ರಂದು ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾ ನಗರದ ಪೊಲೀಸರು 'ಮೂವ್' ಎಂಬ ಕರಿಯರ ಗುಂಪಿನ ಮನೆ ಮೇಲೆ ಹೆಲಿಕಾಪ್ಟರಿನಿಂದ ಬಾಂಬು ಹಾಕಿದರು. ಸತ್ತವರು 11, ಅದರಲ್ಲಿ ಮಕ್ಕಳು 5, ಸುಟ್ಟ ಮನೆಗಳು 61. ಆಗ ಮೇಯರ್ ಆಗಿದ್ದವನು ಡೆಮಾಕ್ರಟ್, ಮತ್ತು ಕರಿಯ. ನಮ್ಮವನೊಬ್ಬ ಕುರ್ಚಿ ಮೇಲೆ ಕೂತರೆ ಸಾಕು ಅನ್ನೋ ಗೆಳೆಯರು ಇದನ್ನು ಸಾವಧಾನವಾಗಿ ಓದಲಿ.

ಆ ಪದವನ್ನು ಯಾರ ಹಣೆಗೆ ಅಂಟಿಸಿದರು ನೋಡಿ. ರೇಗನ್ನನ ಸರ್ಕಾರ ಮಂಡೇಲಾರ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸನ್ನು ಭಯೋತ್ಪಾದಕರ ಸಾಲಿಗೆ ಸೇರಿಸಿತು. ಮಂಡೇಲಾ ಜೈಲಿಂದ ಬಂದು, ಅಧ್ಯಕ್ಷರಾಗಿ, ನಿವೃತ್ತರಾಗಿ, ಹಣ್ಣು ಮುದುಕರಾದರೂ ಆ ಪಟ್ಟಿಯ ತೊಡಕು ಹೋಗಿರಲಿಲ್ಲ. ಹೋದದ್ದು 2008ರಲ್ಲಿ. ನಡುವೆ ಎಂಟು ವರ್ಷ ಆಳಿದ ಡೆಮಾಕ್ರಟ್ ಕ್ಲಿಂಟನ್ನನಿಗೂ ಅದನ್ನು ಅಳಿಸಲು ಪುರುಸೊತ್ತಾಗಲಿಲ್ಲ. 1995ರ ಏಪ್ರಿಲ್ 19ರಂದು ಓಕ್ಲಹೋಮಾದಲ್ಲಿ 168 ಜನರನ್ನು ಕೊಂದವನು ಸೈನ್ಯದಲ್ಲಿದ್ದ ಬಿಳಿಯ. ಅದರ ನೆಪದಲ್ಲಿ 1996ರಲ್ಲಿ ಎರಡೂ ಪಕ್ಷಗಳು ಸೇರಿ ತಂದ ಕಾಯ್ದೆ, ಮರಣದಂಡನೆಯಾದ ಕೈದಿಗಳು ಮೇಲಿನ ಕೋರ್ಟಿಗೆ ಹೋಗುವ ದಾರಿಯನ್ನೇ ಇಕ್ಕಟ್ಟು ಮಾಡಿತು. ಗ್ರಾಂಟ್ ಕರಿಯರನ್ನು ಕಾಯಲು ತಡೆಹಿಡಿದ ಹೇಬಿಯಸ್ ಕಾರ್ಪಸ್ಸನ್ನು ಇವರು ಯಾರ ಮೇಲೆ ಮೊಟಕು ಮಾಡಿದರು ಅಂತ ಜೈಲಿನ ಪಟ್ಟಿ ನೋಡಿದರೆ ತಿಳಿಯುತ್ತದೆ.

2001ರ ಸೆಪ್ಟೆಂಬರ್ 14. ನಮ್ಮ ಸ್ಕೂಲಿನ ಮೌನಾಚರಣೆಗೆ ಎರಡು ದಿನ. ಈ ದಾಳಿಯ ಹಿಂದಿದ್ದವರು ಅಂತ ಅಧ್ಯಕ್ಷ ತೀರ್ಮಾನಿಸಿದವರ ಮೇಲೆ ಸೈನ್ಯ ಬಿಡಲು ಅಧಿಕಾರ ಕೊಡುವ ನಿರ್ಣಯ. ಸೆನೆಟ್ಟಿನಲ್ಲಿ 98ಕ್ಕೆ 0. ಕೆಳಮನೆಯಲ್ಲಿ 420ಕ್ಕೆ 1. ಆ ಒಂದು ಬಾರ್ಬರಾ ಲೀ ಎಂಬ ಕರಿಯ ಹೆಂಗಸಿನದು. ಎಲ್ಲಿಯವಳು? ಓಕ್‌ಲ್ಯಾಂಡಿನವಳು! ಪ್ಯಾಂಥರುಗಳ ಶಾಲೆಯಲ್ಲಿ ಕೆಲಸ ಮಾಡಿದವಳು, 1973ರಲ್ಲಿ ಪ್ಯಾಂಥರ್ ನಾಯಕ ಬಾಬಿ ಸೀಲ್ ಮೇಯರ್ ಚುನಾವಣೆಗೆ ನಿಂತಾಗ ಓಡಾಡಿದವಳು. ಅವಳ ಡೆಮಾಕ್ರಟಿಕ್ ಪಕ್ಷದಲ್ಲಿ ಒಬ್ಬರೂ ಜೊತೆಗೆ ಬರಲಿಲ್ಲ. ಕೊಲ್ಲುತ್ತೇವೆ ಅಂತ ಕಾಗದ, ಫೋನು. ಅವಳಿಗೆ ಪೊಲೀಸ್ ಕಾವಲು ಹಾಕಬೇಕಾಯಿತು. ಆ ನಿರ್ಣಯ ಇಪ್ಪತ್ತು ವರ್ಷ ಕಳೆದರೂ ರದ್ದಾಗಲಿಲ್ಲ. ಬುಷ್, ಒಬಾಮಾ, ಟ್ರಂಪ್ ಮೂವರೂ ಅದನ್ನು ಬಳಸಿದರು. 2011ರಲ್ಲಿ ಒಬಾಮಾನ ಡ್ರೋನು ಯೆಮೆನ್ನಿನಲ್ಲಿ 16 ವರ್ಷದ ಒಬ್ಬ ಹುಡುಗನನ್ನು ಕೊಂದಿತು. 2017ರ ಜನವರಿಯಲ್ಲಿ ಟ್ರಂಪನ ಸೈನಿಕರ ದಾಳಿಯಲ್ಲಿ ಅವನ ತಂಗಿ ಸತ್ತಳು, 8 ವರ್ಷ. ಒಂದೇ ಮನೆಯ ಎರಡು ಮಕ್ಕಳು, ಒಂದು ಪಕ್ಷಕ್ಕೆ ಒಂದರಂತೆ.

ಎರಡೂ ಒಂದೇ ಅಂತ ಹೇಳಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ಪೂರ್ತಿ ಸರಿಯಲ್ಲ. 2002ರಲ್ಲಿ ಇರಾಕ್ ಯುದ್ಧಕ್ಕೆ ಕೆಳಮನೆಯ ಡೆಮಾಕ್ರಟರಲ್ಲಿ ಹೆಚ್ಚಿನವರು ಬೇಡ ಅಂದರು. ಸೆನೆಟ್ಟಿನಲ್ಲಿ ಅವರದೇ 29 ಜನ ಬೇಕು ಅಂದರು. ಲಿಂಚಿಂಗ್ ವಿರುದ್ಧದ ಕಾಯ್ದೆ ಕೊನೆಗೂ ಬಂದದ್ದು 2022ರ ಮಾರ್ಚ್ 29ಕ್ಕೆ, ಬೈಡನ್ ಕೈಯಲ್ಲಿ. ವೈಟ್ ಮೊದಲ ಮಸೂದೆ ತಂದು 122 ವರ್ಷ. 2021ರ ಜನವರಿ 6ರಂದು ಅಮೆರಿಕದ ಪಾರ್ಲಿಮೆಂಟಿಗೇ ನುಗ್ಗಿದವರ ಕೇಸುಗಳಲ್ಲಿ ಸುಮಾರು 1,500 ಜನಕ್ಕೆ 2025ರ ಜನವರಿ 20ರಂದು ಟ್ರಂಪ್ ಕ್ಷಮೆ ಕೊಟ್ಟ. ಅದೇ ಸೆಪ್ಟೆಂಬರಿನಲ್ಲಿ ಫ್ಯಾಸಿಸ್ಟರ ವಿರೋಧಿಗಳಾದ ಆಂಟಿಫಾದವರನ್ನು ಭಯೋತ್ಪಾದಕರು ಅಂತ ಆದೇಶ ಹೊರಡಿಸಿದ. ಹೆಸರಿಡುವ ಕೆಲಸ ಇನ್ನೂ ನಡೀತಾನೇ ಇದೆ.

ಬಾಬಿ ಸೀಲ್ ಅವತ್ತು ಸೋತಿದ್ದ. 2025ರಲ್ಲಿ ಓಕ್‌ಲ್ಯಾಂಡಿನ ಮೇಯರ್ ಆಗಿ ಗೆದ್ದವಳು ಬಾರ್ಬರಾ ಲೀ.

ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿ ಈಗ ತಾನೇ ಟೀಚರು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಟೀ ಕುಡಿಯುತ್ತಾ ಇದನ್ನೆಲ್ಲ ಹೇಳಿದೆವು, 420ಕ್ಕೆ 1 ಅನ್ನೋದನ್ನು ಎರಡು ಸಲ ಹೇಳಿದೆವು. ಅವತ್ತು ನಾವು ತಪ್ಪು ಮಾಡಿದೆವು ಕಣಮ್ಮ ಅಂತಲೂ ಅಂದೆವು. ಅವಳು ಲೋಟ ಕೆಳಗಿಟ್ಟು, "ನೀವು ಕೂತ್ಕೊ ಅಂದಿದ್ದು ನಂಗೆ ನೆನಪೇ ಇಲ್ಲ ಸಾ. ಅವತ್ತು ಸಂಜೆ ನಮ್ಮಪ್ಪ ಬಾವಿ ಗಲಾಟೆದು ಕಂಪ್ಲೇಂಟ್ ಕೊಡಕ್ಕೆ ಹೋಗಿದ್ರು. ಬರ್ಕೊಳ್ಳಲೇ ಇಲ್ಲ. ಅದು ನೆನಪೈತೆ" ಅಂದಳು.