ಸಭಾಗೃಹದ ಗೋಡೆಯ ಮೇಲಣ ಚಿತ್ರ

ನಮ್ಮ ಶಾಲೆಯ ಸಭಾಗೃಹದಲ್ಲಿ ವೇದಿಕೆಯ ಎಡಗಡೆಯ ಗೋಡೆಗೆ ತೂಗಹಾಕಿರುವ ದೊಡ್ಡ ಛಾಯಾಚಿತ್ರವನ್ನು ಈ ಸಂಚಿಕೆಯ ವಾಚಕರಲ್ಲಿ ಬಹುಮಂದಿ ನೋಡಿರಬಹುದು. ಕುದುರೆಮುಖ ಶ್ರೇಣಿಯ ಹುಲ್ಲುಗುಡ್ಡಗಳು ಒಂದರ ಹಿಂದೊಂದಾಗಿ ಮಂಜಿನೊಳಗೆ ಕರಗಿಹೋಗುವುದೂ, ಅವುಗಳ ಕಣಿವೆಗಳಲ್ಲಿ ಶೋಲಾ ಕಾಡುಗಳು ಕಪ್ಪಗೆ ಅಡಗಿಕೊಂಡಿರುವುದೂ, ಮುಂಗಡೆಯಲ್ಲಿ ಒಂದು ಕಾಲುದಾರಿಯು ಇಳಿಬಿಸಿಲಿನಲ್ಲಿ ಹೊಳೆಯುವುದೂ ಅದರಲ್ಲಿ ಕಾಣುತ್ತದೆ. ಶಾಲೆಗೆ ಬರುವ ಅತಿಥಿಗಳು ಅದರ ಮುಂದೆ ನಿಂತು, "ಆಹಾ, ಎಂಥ ನಿರ್ಜನ ಪ್ರದೇಶ!" ಎಂದು ಹೇಳದೆ ಹೋಗುವುದು ಅಪರೂಪ. ಚಿತ್ರದ ಕೆಳಗೆ "ನಿರ್ಜನ" ಎಂಬ ಹೆಸರನ್ನು ಬರೆಯಿಸಿದವಳು ನಾನೇ. ಅದನ್ನು ತೆಗೆದ ಕಥೆಯನ್ನು ಬರೆದುಕೊಡಬೇಕೆಂದು ಸಂಚಿಕೆಯ ಸಂಪಾದಕಮಂಡಲಿಯ ಹುಡುಗಿಯರು ನನ್ನನ್ನು ಕೇಳಿಕೊಂಡರು. ಒಪ್ಪಿಕೊಂಡೆನು. ಆದರೆ ಅವರು ಎದುರುನೋಡುತ್ತಿರುವ ಲೇಖನವು ಇದಾಗಲಾರದೆಂದು ಮೊದಲೇ ಹೇಳಿಬಿಡುವುದು ಲೇಸು.

ಛಾಯಾಚಿತ್ರದ ಹುಚ್ಚು ನನಗೆ ಹಿಡಿದದ್ದು ತರಬೇತಿ ಕಾಲೇಜಿನಲ್ಲಿದ್ದಾಗ. ಅಲ್ಲಿ ಭೂಗೋಳವನ್ನು ಕಲಿಸುತ್ತಿದ್ದ ಹಿರಿಯ ಉಪಾಧ್ಯಾಯಿನಿಯೊಬ್ಬರು ರಜೆಯ ದಿನಗಳಲ್ಲಿ ನಮ್ಮನ್ನು ಗುಡ್ಡ ಹತ್ತಿಸಿ, ತಮ್ಮ ಹಳೆಯ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವುದನ್ನು ಕಲಿಸಿದರು. ಅವರ ನಿಯಮಗಳು ಸ್ವಲ್ಪ, ಆದರೆ ಕಟ್ಟುನಿಟ್ಟು. ನಡುಹಗಲಿನ ಬಿಸಿಲಿನಲ್ಲಿ ಗುಂಡಿಯನ್ನು ಒತ್ತಬಾರದು. ಬೆಳಕು ಓರೆಯಾಗಿ ಬೀಳುವ ತನಕ ತಾಳ್ಮೆಯಿಂದ ಕಾಯಬೇಕು. ದೂರದ ಬೆಟ್ಟವೊಂದನ್ನೇ ಹಿಡಿಯದೆ, ಕಾಲ ಬುಡದ ಕಲ್ಲನ್ನೋ ಹುಲ್ಲನ್ನೋ ಸೇರಿಸಿಕೊಳ್ಳಬೇಕು. ಕಡೆಯದಾಗಿ, ಪ್ರಕೃತಿಯ ಚಿತ್ರದಲ್ಲಿ ವಿದ್ಯುತ್ತಿನ ತಂತಿಯಾಗಲಿ ಮನೆಯಾಗಲಿ ಮನುಷ್ಯನಾಗಲಿ ಇರಕೂಡದು. ಈ ಮೂರನೆಯ ನಿಯಮವನ್ನು ನಾನು ಇಪ್ಪತ್ತು ವರ್ಷ ಚಾಚೂ ತಪ್ಪದೆ ಪಾಲಿಸಿದೆನು, ನನ್ನ ವಿದ್ಯಾರ್ಥಿನಿಯರಿಗೂ ಕಲಿಸಿದೆನು.

2023ನೆಯ ಇಸವಿಯ ನವೆಂಬರದಲ್ಲಿ ನಮ್ಮ ಛಾಯಾಚಿತ್ರ ಸಂಘದ ಬಾಲಕಿಯರನ್ನು ಕುದುರೆಮುಖದ ಕಡೆಗೆ ಪ್ರವಾಸ ಕರೆದುಕೊಂಡು ಹೋಗುವುದೆಂದು ಗೊತ್ತಾಯಿತು. ಹೊರಡುವುದಕ್ಕೆ ಮುಂಚಿನ ವಾರದಲ್ಲಿ ನಾನು ಅವರಿಗೆ ಸಾಮ್ಯುಯೆಲ್ ಬೋರ್ನ್ ಎಂಬವರ ಕಥೆಯನ್ನು ಹೇಳಿದೆನು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ಇವರು ಆ ಕೆಲಸವನ್ನು ಬಿಟ್ಟು 1863ರಲ್ಲಿ ಹಿಂದೂಸ್ಥಾನಕ್ಕೆ ಬಂದರು. ಕಲ್ಕತ್ತೆಯಲ್ಲಿ 2016ರ ತನಕ ಬಾಗಿಲು ತೆರೆದಿದ್ದ ಬೋರ್ನ್ ಮತ್ತು ಷೆಪರ್ಡ್ ಅಂಗಡಿಯ ಹೆಸರಿನ ಮೊದಲರ್ಧ ಇವರದೇ. 1863, 1864, 1866 ಈ ಮೂರು ವರ್ಷಗಳಲ್ಲಿ ಮೂರು ಸಲ ಹಿಮಾಲಯದೊಳಕ್ಕೆ ಪ್ರಯಾಣ ಮಾಡಿದರು. ಮೂರನೆಯ ಸಲ 18,600 ಅಡಿ ಎತ್ತರದ ಮಣಿರಂಗ್ ಕಣಿವೆದಾರಿಯಲ್ಲಿ ಚಿತ್ರ ತೆಗೆದರು. ಅಷ್ಟು ಎತ್ತರದಲ್ಲಿ ಅದುವರೆಗೆ ಯಾರೂ ತೆಗೆದಿರಲಿಲ್ಲ.

ಆ ಕಾಲದಲ್ಲಿ ಚಿತ್ರ ತೆಗೆಯುವುದೆಂದರೆ ಏನೆಂಬುದನ್ನು ಮೊಬೈಲಿನಲ್ಲಿ ನಿಮಿಷಕ್ಕೆ ಹತ್ತು ಚಿತ್ರ ತೆಗೆಯುವ ಈಗಿನ ಮಕ್ಕಳಿಗೆ ತಿಳಿಸುವುದು ಸುಲಭವಲ್ಲ. ಗಾಜಿನ ಹಲಗೆಯ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸಮನಾಗಿ ಹರಿಯಬಿಟ್ಟು, ಕತ್ತಲೆಯ ಗುಡಾರದೊಳಗೆ ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಒದ್ದೆಯಾಗಿರುವಾಗಲೇ ಕ್ಯಾಮೆರಾದಲ್ಲಿರಿಸಿ ಬೆಳಕು ತೋರಿಸಿ, ಒಣಗುವುದರೊಳಗೆ ಪುನಃ ಗುಡಾರಕ್ಕೆ ಓಡಿ ಚಿತ್ರವನ್ನು ಮೂಡಿಸಬೇಕು. ಆರಿದರೆ ಹಲಗೆ ಕೆಟ್ಟಿತು. ಆದುದರಿಂದ ಕ್ಯಾಮೆರಾ ಹೋದಲ್ಲಿಗೆ ಗುಡಾರವೂ ಔಷಧಿಯ ಬಾಟಲಿಗಳೂ ಗಾಜಿನ ಪೆಟ್ಟಿಗೆಗಳೂ ಹೋಗಲೇಬೇಕು. ಹಿಮದ ಮೇಲೆ ಬೆರಳುಗಳು ಮರಗಟ್ಟಿರುವಾಗ ಈ ಕೆಲಸವನ್ನು ಮಾಡಿದವರ ಛಲವನ್ನು ನಾನು ಈಗಲೂ ಮೆಚ್ಚುತ್ತೇನೆ.

"ಇದನ್ನೆಲ್ಲಾ ಅವರೊಬ್ಬರೇ ಹೊತ್ತರೇ ಟೀಚರ್?" ಎಂದು ಒಬ್ಬ ಹುಡುಗಿ ಕೇಳಿದಳು. ಇಲ್ಲ, ಮೊದಲನೆಯ ಪ್ರಯಾಣದಲ್ಲಿ ಸುಮಾರು 30 ಮಂದಿ, ಮೂರನೆಯದರಲ್ಲಿ 80ರ ಹತ್ತಿರ ಹೊರೆಯಾಳುಗಳು ಇದ್ದರು ಎಂದೆನು. "ಹಾಗಾದರೆ ಅವರು ಚಿತ್ರದಲ್ಲಿ ಎಲ್ಲಿದ್ದಾರೆ?" ಎಂದಳು. ಕೆಲವು ಚಿತ್ರಗಳಲ್ಲಿ ಬಂಡೆಯ ಬುಡದಲ್ಲಿ ಮನುಷ್ಯರು ಇರುವೆಗಳಂತೆ ಕಾಣುವುದುಂಟು. ಅವರನ್ನು ಹಾಗೆ ನಿಲ್ಲಿಸುವುದು ಬೆಟ್ಟದ ಗಾತ್ರವು ನೋಡುವವರಿಗೆ ತಿಳಿಯಲಿ ಎಂದು. ನಾನು ನೋಡಿದ ಪ್ರತಿಗಳ ಅಡಿಯಲ್ಲಿ ಬೆಟ್ಟದ ಹೆಸರಿತ್ತು, ನದಿಯ ಹೆಸರಿತ್ತು, ಅವರದಿರಲಿಲ್ಲ. ಲಂಡನಿನ ಪತ್ರಿಕೆಯೊಂದಕ್ಕೆ ಬೋರ್ನರು ಬರೆದ ಪ್ರಯಾಣವೃತ್ತಾಂತಗಳಲ್ಲಾದರೋ ಇವರ ಸುದ್ದಿ ಧಾರಾಳವಾಗಿ ಬರುತ್ತದೆ: ಹೊರೆಯನ್ನಿಳಿಸಿ ಓಡಿಹೋದರೆಂದೂ, ತಾವು ಕೋಲು ಹಿಡಿದು ಹಳ್ಳಿಯ ಮನೆಗಳಲ್ಲಿ ಅವರನ್ನು ಹುಡುಕಿ ಆ ಕೋಲಿನ ರುಚಿಯನ್ನು ತೋರಿಸಿದೆನೆಂದೂ ಅವರೇ ಬರೆದುಕೊಂಡಿದ್ದಾರೆ. ಈ ಭಾಗವನ್ನು ನಾನು ಮಕ್ಕಳಿಗೆ ಹೇಳಲಿಲ್ಲ. ಗಂಟೆ ಹೊಡೆಯಿತು, ನನಗೆ ಅನುಕೂಲವೇ ಆಯಿತು.

ಅಮೇರಿಕಾ ದೇಶದ ಯೊಸೆಮಿಟಿ ಕಣಿವೆಯ ವಿಷಯವನ್ನು ಮಾತ್ರ ಮರುದಿನ ಉತ್ಸಾಹದಿಂದ ಹೇಳಿದೆನು. ಕಾರ್ಲ್‌ಟನ್ ವಾಟ್ಕಿನ್ಸ್ ಎಂಬವರು 1861ರಲ್ಲಿ ಹೇಸರಗತ್ತೆಗಳ ಮೇಲೆ ಬೃಹತ್ತಾದ ಗಾಜಿನ ಹಲಗೆಗಳನ್ನು ಹೇರಿಕೊಂಡು ಅಲ್ಲಿಗೆ ಹೋಗಿ ತೆಗೆದ ಚಿತ್ರಗಳು ದೂರದ ರಾಜಧಾನಿಯವರ ಮನಸ್ಸನ್ನು ಸೆಳೆದುವು. 1864ರಲ್ಲಿ ಅಧ್ಯಕ್ಷ ಲಿಂಕನರು ಆ ಕಣಿವೆಯು ಯಾರ ಸ್ವಂತಕ್ಕೂ ಮಾರಾಟವಾಗದಂತೆ ಕಾಯಿದೆಗೆ ಸಹಿ ಮಾಡಿದರು. ಅದೇ ಕಣಿವೆಯಲ್ಲಿ 1927ರ ಏಪ್ರಿಲಿನಲ್ಲಿ ಆನ್ಸೆಲ್ ಆಡಮ್ಸ್ ಎಂಬ ತರುಣನು, ತನ್ನ ಬಳಿ ಉಳಿದಿದ್ದ ಒಂದೇ ಹಲಗೆಯ ಮುಂದೆ ಕೆಂಪು ಗಾಜನ್ನಿಟ್ಟು, ಹಾಫ್ ಡೋಮ್ ಎಂಬ ಬಂಡೆಯನ್ನು ಕಪ್ಪಾದ ಆಕಾಶದ ಎದುರಿಗೆ ನಿಲ್ಲಿಸಿದನು. ಮುಂದೆ 1938ರಲ್ಲಿ ಅವರು ಪ್ರಕಟಿಸಿದ ಪರ್ವತಚಿತ್ರಗಳ ಪುಸ್ತಕವು 1940ರಲ್ಲಿ ಕಿಂಗ್ಸ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನವು ಸ್ಥಾಪಿತವಾಗುವುದಕ್ಕೆ ನೆರವಾಯಿತು. ಕೊಡಲಿಗೂ ಗಣಿಗೂ ಅಡ್ಡವಾಗಿ ಒಂದು ಚಿತ್ರವು ನಿಲ್ಲಬಲ್ಲದು ಎಂದು ನಾನು ಮಕ್ಕಳಿಗೆ ಹೇಳಿದ್ದು ಸುಳ್ಳಲ್ಲ, ಈಗಲೂ ಹೇಳುವೆನು. ಹೇಳದೆ ಬಿಟ್ಟದ್ದು ಬೇರೆ ಇತ್ತು. ವಾಟ್ಕಿನ್ಸರು ಹೋಗುವುದಕ್ಕೆ ಹತ್ತು ವರ್ಷ ಮುಂಚೆ, 1851ರಲ್ಲಿ, ಆಯುಧಧಾರಿಗಳ ದಂಡೊಂದು ಆ ಕಣಿವೆಗೆ ನುಗ್ಗಿ ಅಲ್ಲಿಯ ಆವಾನೀಚಿ ಜನರ ಗುಡಿಸಲುಗಳನ್ನೂ ಕೂಡಿಟ್ಟ ಆಹಾರವನ್ನೂ ಸುಟ್ಟು ಅವರನ್ನು ಹೊರಡಿಸಿತ್ತು. ಮರಳಿ ಬಂದು ನೆಲಸಿದವರ ಕೊನೆಯ ಕೇರಿಯೂ 1969ರಲ್ಲಿ ಇಲ್ಲದಂತಾಯಿತು. ಆ ಸೊಗಸಾದ ಚಿತ್ರಗಳಲ್ಲಿ ಇದು ಯಾವುದೂ ಕಾಣುವುದಿಲ್ಲ.

ಪ್ರವಾಸಕ್ಕೆ 22 ಬಾಲಕಿಯರೂ ಮೂವರು ಉಪಾಧ್ಯಾಯಿನಿಯರೂ ಹೊರಟೆವು. ಘಟ್ಟ ಹತ್ತಿ, 2005ರ ಕೊನೆಗೆ ನಿಂತುಹೋದ ಕಬ್ಬಿಣದ ಅದಿರಿನ ಗಣಿಯ ಊರನ್ನು ದಾಟಿ (ಅಲ್ಲಿ ಯಾರೂ ಕ್ಯಾಮೆರಾ ತೆಗೆಯಲಿಲ್ಲ, ತೆಗೆಯಬೇಕೆಂದು ನಾನೂ ಹೇಳಲಿಲ್ಲ), ಸಂಸೆಗೆ ಬಂದು, ಅಲ್ಲಿಂದ ಜೀಪುಗಳಲ್ಲಿ ಕುಲುಕಿಸಿಕೊಳ್ಳುತ್ತಾ ಮುಳ್ಳೋಡಿಯನ್ನು ಸೇರಿದೆವು. ಅರಣ್ಯ ಇಲಾಖೆಯ ಅನುಮತಿಪತ್ರ ನಮ್ಮ ಬಳಿ ಇತ್ತು. ಶಿಖರದ ತನಕ ಹೋಗುವ ಯೋಚನೆ ಇರಲಿಲ್ಲ. ಅದರ ಎತ್ತರ ಸುಮಾರು 1,890 ಮೀಟರು, ನಮ್ಮಲ್ಲಿ ಕೆಲವರು ಏಳನೆಯ ತರಗತಿಯ ಮಕ್ಕಳು. ಮಳೆಗಾಲ ಮುಗಿದು ಹುಲ್ಲು ಹೊಂಬಣ್ಣಕ್ಕೆ ತಿರುಗುತ್ತಿತ್ತು. ಇಂಬಳಗಳ ಕಾಟ ಇನ್ನೂ ಪೂರ್ತಿ ಹೋಗಿರಲಿಲ್ಲವಾದ್ದರಿಂದ ಕಿರುಚಾಟಕ್ಕೆ ಕೊರತೆಯಾಗಲಿಲ್ಲ.

ಇಳಿಹೊತ್ತಿನಲ್ಲಿ ನಾವು ಒಂದು ದಿಣ್ಣೆಯ ಮೇಲೆ ನಿಂತಾಗ ನಾನು ಬಯಸಿದ್ದೆಲ್ಲಾ ಎದುರಿಗಿತ್ತು. ಬೆಳಕು ಓರೆಯಾಗಿ ಬಿದ್ದು ಗುಡ್ಡಗಳ ಮಡಿಕೆಗಳು ಒಂದೊಂದಾಗಿ ಎದ್ದುಬಂದಿದ್ದುವು. ವಿಘ್ನಗಳು ಎರಡು ಮಾತ್ರ. ಬಲಗಡೆಯ ಇಳಿಜಾರಿನಲ್ಲಿ ಒಂದು ಹಂಚಿನ ಮನೆ. ಅದು ಬೀಳದ ಹಾಗೆ ಎಲ್ಲರೂ ಕ್ಯಾಮೆರಾವನ್ನು ಎಡಕ್ಕೆ ತಿರುಗಿಸಿಕೊಳ್ಳಿರಿ ಎಂದೆನು. ಎರಡನೆಯದು, ತಲೆಯ ಮೇಲೆ ಹುಲ್ಲಿನ ಹೊರೆಯನ್ನು ಹೊತ್ತು ಅದೇ ಕಾಲುದಾರಿಯಲ್ಲಿ ನಮ್ಮ ಕಡೆಗೆ ಬರುತ್ತಿದ್ದ ಒಬ್ಬ ಮುದುಕಿ. ನಮ್ಮ ವಸತಿಗೃಹದಲ್ಲಿದ್ದ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಘಟ್ಟದ ಕಡೆಯವಳು, ತುಳು ಬಲ್ಲವಳು. ಆ ಮುದುಕಿಯನ್ನು ಸ್ವಲ್ಪ ಹೊತ್ತು ಪೊದೆಯ ಮರೆಗೆ ನಿಲ್ಲುವಂತೆ ಹೇಳಿ ಬಾ ಎಂದು ಅವಳನ್ನು ಕಳುಹಿಸಿದೆನು. ಅವಳು ಹೋಗಿ ಹೇಳಿದಳು. ಅವರಿಬ್ಬರೂ ಏನೋ ಮಾತಾಡಿಕೊಂಡರು. ಮುದುಕಿಯು ಒಂದು ಕೈಯಲ್ಲಿ ಹೊರೆಯನ್ನು ಹಿಡಿದು ಇನ್ನೊಂದು ಕೈಯಿಂದ ಅವಳ ಗಲ್ಲವನ್ನು ಸವರಿದಳು. ಮಲೆಯ ಜನರು ಎಷ್ಟು ಮಮತೆಯುಳ್ಳವರೆಂದು ನಾನು ಪಕ್ಕದಲ್ಲಿದ್ದ ಉಪಾಧ್ಯಾಯಿನಿಗೆ ಹೇಳಿದ್ದೂ ನೆನಪಿದೆ. ಆಮೇಲೆ ಮೋಡವೊಂದು ಅಡ್ಡ ಬಂದು, ಸರಿದು, ನನಗೆ ತೃಪ್ತಿಯಾಗುವ ತನಕ ಕಾಲು ಗಂಟೆ ಹಿಡಿಯಿತು. ಮುದುಕಿಯು ಹೊರೆಯನ್ನು ಇಳಿಸಲಿಲ್ಲ. ಇಳಿಸಿದರೆ ಎತ್ತಿಕೊಡುವವರು ಬೇಕು.

ಊರಿಗೆ ಬಂದು ನೋಡುವಾಗ, ಮನೆ ಬಾರದಿದ್ದರೂ ಅದರ ಹೊಗೆಯು ಗಾಳಿಗೆ ತೇಲಿ ಚಿತ್ರದ ಅಂಚಿನೊಳಕ್ಕೆ ಬಂದಿತ್ತು. ಕಂಪ್ಯೂಟರಿನಲ್ಲಿ ಅದನ್ನು ನಾನೇ ಒರಸಿ ತೆಗೆದೆನು. ಚಿತ್ರವು ಪ್ರದರ್ಶನವೊಂದರಲ್ಲಿ ಬಹುಮಾನವನ್ನು ಪಡೆಯಿತು. ಸಭಾಗೃಹದ ಗೋಡೆಗೆ ಬಂದಿತು.

ಕಳೆದ ಜೂನ್ ತಿಂಗಳಲ್ಲಿ, ಅಂದರೆ 2025ರಲ್ಲಿ, ಶಾಲೆ ತೆರೆದ ವಾರ ಆ ಬಾಲಕಿಯು ನನ್ನ ಕೊಠಡಿಯ ಬಾಗಿಲಲ್ಲಿ ನಿಂತಳು. ಈಗ ಅವಳು ಹತ್ತನೆಯ ತರಗತಿ. "ಟೀಚರ್, ಆ ದಿನದ ಪಟಗಳಲ್ಲಿ ನಮ್ಮ ಮನೆ ಇರುವುದು ಯಾವುದಾದರೂ ಉಂಟೇ?" ಎಂದು ಕೇಳಿದಳು. ಯಾವ ಮನೆ ಎಂದೆನು. ಬಲಗಡೆಯ ಹಂಚಿನ ಮನೆ ಎಂದಳು. ಹೊರೆ ಹೊತ್ತು ನಿಂತವರು ಅವಳ ಅಜ್ಜಿಯ ತಂಗಿ. ಕುದುರೆಮುಖವು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತಷ್ಟೆ. ಅದರೊಳಗೆ ತಲೆಮಾರುಗಳಿಂದ ಇದ್ದ ಕುಟುಂಬಗಳಲ್ಲಿ ಅನೇಕವು ಪರಿಹಾರವನ್ನು ಒಪ್ಪಿಕೊಂಡು ಹೊರಗೆ ಬಂದಿವೆ. ಇವರ ಮನೆಯವರೂ ಆ ಬೇಸಿಗೆಯಲ್ಲಿ ಇಳಿದುಬಂದಿದ್ದರು. ಯಾರೂ ಬಲವಂತ ಮಾಡಲಿಲ್ಲ, ಇಲ್ಲಿ ಬಸ್ಸು ಹತ್ತಿರ, ಅಜ್ಜಿಗೆ ಆಸ್ಪತ್ರೆಯೂ ಹತ್ತಿರ ಎಂದು ಅವಳೇ ಹೇಳಿದಳು. ಹಂಚುಗಳನ್ನು ಇಳಿಸಿ ತಂದಾಗಿತ್ತು. ಗೋಡೆಗಳು ಈ ಮಳೆಗೆ ನಿಲ್ಲಲಾರವು. ಅವರಲ್ಲಿ ಆ ಮನೆಯ ಪಟ ಒಂದೂ ಇರಲಿಲ್ಲ.

"ಅದು ನಿಮ್ಮ ಮನೆಯೆಂದು ಆ ದಿನ ಏಕೆ ಹೇಳಲಿಲ್ಲ ಮಗಳೇ?" ಎಂದು ಕೇಳಿದೆನು.

"ಮನೆ ಬೀಳದ ಹಾಗೆ ತೆಗೆಯಿರಿ ಎಂದು ನೀವು ಹೇಳಿ ಆಗಿತ್ತಲ್ಲ ಟೀಚರ್" ಎಂದಳು. ಅವಳ ಧ್ವನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಎರಡು ವರ್ಷ ಪ್ರತಿ ಬೆಳಿಗ್ಗೆಯೂ ಅವಳು ಆ ಗೋಡೆಯ ಎದುರಿಗೆ, "ನಿರ್ಜನ" ಎಂಬ ನನ್ನ ಅಕ್ಷರಗಳ ಎದುರಿಗೆ, ಪ್ರಾರ್ಥನೆಗೆ ನಿಂತಿದ್ದಳು.

ಆ ರಾತ್ರಿ ಪ್ರವಾಸದ 412 ಚಿತ್ರಗಳನ್ನೂ ಒಂದೊಂದಾಗಿ ನೋಡಿದೆನು. ನನ್ನ ವಿದ್ಯಾರ್ಥಿನಿಯರು ಹೇಳಿದ ಮಾತನ್ನು ಎಷ್ಟು ನಿಷ್ಠೆಯಿಂದ ನಡಸುತ್ತಾರೆಂದು ಅಂದು ತಿಳಿಯಿತು. ಬೆಟ್ಟ, ಮಂಜು, ಹುಲ್ಲು, ಮತ್ತೆ ಬೆಟ್ಟ. ಮನೆ ಎಲ್ಲಿಯೂ ಇಲ್ಲ. ಹೊಗೆಯುಳ್ಳ ಮೂಲ ಚಿತ್ರವನ್ನಾದರೂ ಕೊಡೋಣವೆಂದರೆ, ಒರಸಿದ್ದನ್ನೇ ಅದರ ಮೇಲೆ ಉಳಿಸಿಬಿಟ್ಟಿದ್ದೆನು. ಕೊನೆಗೆ ಏಳನೆಯ ತರಗತಿಯ ಒಬ್ಬಳು ಕಾಲು ಜಾರಿ ಗುಂಡಿಯನ್ನು ಒತ್ತಿಬಿಟ್ಟಿದ್ದ ಚಿತ್ರವೊಂದು ಸಿಕ್ಕಿತು. ಅಡ್ಡಾದಿಡ್ಡಿಯಾಗಿದೆ, ಅರ್ಧಭಾಗ ಬರಿಯ ಆಕಾಶ. ಬಲಮೂಲೆಯಲ್ಲಿ ಹಂಚಿನ ಮಾಡಿನ ಒಂದು ಪಾರ್ಶ್ವ, ಅದರ ಹಿಂದಿನಿಂದ ಏಳುವ ಹೊಗೆ, ಕೆಳಗೆ ಪೊದೆಯ ಮೇಲ್ಗಡೆ ಹುಲ್ಲಿನ ಹೊರೆ ಮತ್ತು ಅದನ್ನು ಹಿಡಿದ ಕೈ, ಅರ್ಧ ಮುಖ. ನಮ್ಮ ಸಂಘದ ನಿಯಮದಂತೆ ಅದು ಎಂದೋ ಅಳಿಸಿಹೋಗಬೇಕಾಗಿದ್ದ ಚಿತ್ರ. ಯಾರದೋ ಸೋಮಾರಿತನದಿಂದ ಉಳಿದಿತ್ತು.

ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಅವಳಿಗೆ ಕೊಟ್ಟೆನು. ಬಹಳ ಹೊತ್ತು ನೋಡಿ, ಆ ಹೊಗೆ ಅಡುಗೆಯದಲ್ಲ, ಬಚ್ಚಲಿನ ಹಂಡೆಯದು, ಅಜ್ಜಿ ಹುಲ್ಲಿಗೆ ಹೋಗುವ ಮುಂಚೆಯೇ ಬೆಂಕಿ ಹಾಕಿಟ್ಟು ಹೋಗುತ್ತಾರೆ, ಬಂದ ಕೂಡಲೆ ಮೀಯಬೇಕು ಎಂದಳು. ದಸರೆಯ ರಜೆಗೆ ಅದನ್ನು ಮನೆಗೆ ಒಯ್ದಳು. ಗೋಡೆಯ ಮೇಲಣ ಚಿತ್ರದಿಂದ ಹೆಸರಿನ ಚೀಟಿಯನ್ನು ನಾನು ತೆಗೆಯಿಸಿದ್ದೇನೆ. ಚಿತ್ರವನ್ನು ತೆಗೆಯಲಿಲ್ಲ, ಏಕೆಂದರೆ ಬೆಟ್ಟವು ನಿಜವಾಗಿಯೂ ಸುಂದರವಾಗಿದೆ, ಅದರಲ್ಲಿ ಸುಳ್ಳಿಲ್ಲ. ಹೊಸ ಹೆಸರು ಇನ್ನೂ ಹೊಳೆದಿಲ್ಲ.

ರಜೆಯಿಂದ ಮರಳಿದ ಮೇಲೆ, ಅಜ್ಜಿಯವರು ಏನೆಂದರು ಎಂದು ಕೇಳಿದೆನು. ಸಂತೋಷಪಟ್ಟರಂತೆ, ಹಂಚುಗಳನ್ನು ಬೆರಳಿನಿಂದ ಎಣಿಸಿದರಂತೆ. ಆಮೇಲೆ, "ನಾನು ದಾರಿಯಲ್ಲಿ ಬರುತ್ತಾ ಇದ್ದವಳು, ಈ ಪಟದಲ್ಲಿ ಪೊದೆಯ ಹಿಂದೆ ಏಕೆ ನಿಂತಿದ್ದೇನೆ?" ಎಂದು ಕೇಳಿದರಂತೆ. ಆ ದಿನದ ಸಂಗತಿ ಅವರಿಗೆ ಮರೆತುಹೋಗಿದೆ. ಹುಡುಗಿಯು ಉತ್ತರ ಹೇಳದೆ, "ಟೀಚರನ್ನೇ ಕೇಳುತ್ತೇನೆ" ಎಂದು ಹೇಳಿ ಬಂದಿದ್ದಾಳೆ. ಬರುವ ಶನಿವಾರ ಶಾಲೆ ಬಿಟ್ಟ ಮೇಲೆ ಅವಳೊಡನೆ ಅವರ ಹೊಸ ಮನೆಗೆ ಹೋಗುವವಳಿದ್ದೇನೆ.