ವೇಳಾಂಗಣಿ ದಾರಿಯಲ್ಲಿ ಒಂದು ಪೇನಾಕತ್ತಿ

ಬೇಸಿಗೆ ರಜೆಯಲ್ಲಿ ವೇಳಾಂಗಣಿಗೆ ಹೊರಟ ನಮ್ಮ ವ್ಯಾನು ಅತ್ತಿಬೆಲೆ ದಾಟಿ ಹೊಸೂರು ಸೇರುವಷ್ಟರಲ್ಲಿ ಒಂದು ಜಪಮಾಲೆ ಮುಗಿದಿತ್ತು. ಶೂಳಗಿರಿ ಕಳೆದು ಕೃಷ್ಣಗಿರಿ ಹತ್ತಿರವಾದಾಗ ಮಕ್ಕಳಿಗೆ ಹಸಿವು. ರಸ್ತೆಬದಿಯಲ್ಲಿ ಮಾವಿನ ರಾಶಿಗಳು. ನಾವು ತೋತಾಪುರಿ ಎನ್ನುವ ಹಣ್ಣನ್ನು ಅಲ್ಲಿನವರು ನಮ್ಮೂರಿನ ಹೆಸರಿಟ್ಟು ‘ಬೆಂಗಳೂರಾ’ ಎನ್ನುತ್ತಾರೆ! ಹಣ್ಣು ಕೊಂಡ ಮೇಲೆ ಎಲ್ಲರೂ ಚಾಕು ಹುಡುಕತೊಡಗಿದರು.

ಕಾಲೇಜು ಓದುವ ಹುಡುಗನೊಬ್ಬ ಜೇಬಿನಿಂದ ತೆಗೆದದ್ದು ಗುಂಡಿ ಒತ್ತಿದರೆ ಚಟಕ್ಕನೆ ಚಿಮ್ಮುವ ಚಾಕು. ಅವನ ತಾಯಿ ಬೆಚ್ಚಿದರು. “ಫಾದರ್, ಇದನ್ನೆಲ್ಲ ಇಟ್ಕೋಬಹುದಾ? ಪೊಲೀಸರು ಹಿಡಿದ್ರೆ?”

ತಾಯಿಯ ಭಯ ಸುಳ್ಳಲ್ಲ. ಚುನಾವಣೆ ಬಂತೆಂದರೆ ಈ ಗಡಿಯಲ್ಲಿ ವಾಹನ ನಿಲ್ಲಿಸಿ ಚೀಲ ಬಿಚ್ಚಿಸುತ್ತಾರೆ. ನಮ್ಮ ದೇಶದ 1959ರ ಶಸ್ತ್ರಾಸ್ತ್ರ ಕಾಯ್ದೆ ಮನೆಗೆಲಸಕ್ಕೆ, ಬೇಸಾಯಕ್ಕೆ ಮಾತ್ರ ಮಾಡಿದ ಸಲಕರಣೆಗಳನ್ನು ಆಯುಧವೆಂದು ಎಣಿಸುವುದಿಲ್ಲ. 2016ರ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿನ ಚೂರಿಗಳು. ಅಲ್ಲಿಯೂ ಅಡುಗೆಮನೆ, ಹೊಲ, ಕಾರ್ಖಾನೆಗಳ ಚಾಕುಗಳಿಗೆ ವಿನಾಯಿತಿ ಇದೆ. ಆದರೆ ಇದೇ ಅಳತೆ ಎಲ್ಲೆಡೆ ಸಾಕಾಗದು. ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು ಗುಂಡಿ, ಸ್ಪ್ರಿಂಗುಗಳಿಂದ ತೆರೆಯುವ ಚಾಕುಗಳಿಗೆ ಮಿತಿ ಹಾಕಿತು: ಅಲಗು 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಮುಟ್ಟಿದರೆ ಪರವಾನಗಿ ಬೇಕು. ಅಂದರೆ ಬರೇ 3 ಅಂಗುಲ! ಅಂಥದ್ದನ್ನು ಜೇಬಿನಲ್ಲಿಟ್ಟು ಊರೂರು ತಿರುಗುವುದು ಯಾಕೆ ಬೇಕು?

ಕೃಷ್ಣಗಿರಿ ಜಿಲ್ಲೆಯಲ್ಲೇ ಇದಕ್ಕೆ ಒಳ್ಳೆಯ ಮಾದರಿ ಇದೆ. ಪೋಚಂಪಳ್ಳಿ ಕಡೆಯ ಸಂತೂರು ಮಾವಿನ ಸಸಿಗಳಿಗೆ ಹೆಸರಾದ ಊರು. ಕಸಿ ಕಟ್ಟುವವರ ಕೈಯಲ್ಲಿರುವುದು ಎರಡು ಮೂರು ಅಂಗುಲದ ಅಲಗಿನ ಸಣ್ಣ ಚಾಕು. ಓಟೆಯಿಂದ ಬೆಳೆದ ಸಸಿಯ ತಲೆ ಕತ್ತರಿಸಿ, ನಡುವೆ ಸೀಳಿ, ಒಳ್ಳೆಯ ಜಾತಿಯ ಕಡ್ಡಿಯ ಬುಡವನ್ನು ಬೆಣೆಯಂತೆ ಕೆತ್ತಿ ಅದರೊಳಗೆ ಕೂರಿಸುತ್ತಾರೆ. ಪ್ಲಾಸ್ಟಿಕ್ ಪಟ್ಟಿ ಸುತ್ತಿ ಬಿಗಿಯುತ್ತಾರೆ. ಗಾಯ ನುಣುಪಾಗಿರಬೇಕು, ಒಣಗುವ ಮೊದಲೇ ಎರಡೂ ಕೂಡಬೇಕು. ಆ ಚಾಕು ನೋಡಿ ಯಾರೂ ಹೆದರುವುದಿಲ್ಲ, ಅದರ ಕೆಲಸ ಅದರ ಮೈಮೇಲೇ ಬರೆದಿದೆ.

ಜೇಬಿಗೂ ಅಂಥದ್ದೇ ಆರಿಸಬೇಕೆಂದು ಹುಡುಗನಿಗೆ ಹೇಳಿದೆ. ಕೃಷ್ಣಗಿರಿ ಪೇಟೆಯ ಅಂಗಡಿಗಳಲ್ಲಿ ‘ಪೇನಾಕತ್ತಿ’ ಎಂದು ಕೇಳಿದರೆ ಮಡಿಚುವ ಸಣ್ಣ ಚಾಕು ತೋರಿಸುತ್ತಾರೆ. ಅಲಗು 3 ಅಂಗುಲದೊಳಗಿರಲಿ. ಉಗುರಿನಿಂದ ಎಳೆದು ಬಿಚ್ಚುವಂತಿರಲಿ, ಗುಂಡಿ ಬೇಡ. ಎರಡೂ ಕಡೆ ಹರಿತವಾಗಿ ಕಠಾರಿಯಂತೆ ಕಾಣುವುದು, ತಲೆಬುರುಡೆ ಚಿತ್ರವಿರುವುದು (ಹುಡುಗರಿಗೆ ಅದೇ ಬೇಕು!) ಬೇಡವೇ ಬೇಡ. ಪ್ರಯಾಣದಲ್ಲಿ ಜೇಬಿಗಿಂತ ಊಟದ ಬುಟ್ಟಿಯಲ್ಲಿ, ತಟ್ಟೆ ಚಮಚಗಳ ಜೊತೆ ಇಡುವುದು ಲೇಸು. ಕೇಳಿದವರಿಗೆ ಹಣ್ಣನ್ನೇ ತೋರಿಸಬಹುದು. ಜಗಳಕ್ಕೆ ತೆಗೆದರೆ ಮಾತ್ರ ಎರಡಂಗುಲದ ಚಾಕುವೂ ಠಾಣೆಗೆ ಕರೆದೊಯ್ಯುತ್ತದೆ. ವಿಮಾನದಲ್ಲಿ ಹೋಗುವವರು ಕೈಚೀಲದಲ್ಲಿ ಇಡುವಂತಿಲ್ಲ, ಒಪ್ಪಿಸುವ ಪೆಟ್ಟಿಗೆಯಲ್ಲಿ ಹಾಕಬೇಕು.

ಇನ್ನೊಂದು ಮಾತು. ಹಣ್ಣು ಕೊಯ್ದ ಮೇಲೆ ಅಲಗನ್ನು ತೊಳೆದು ಒರೆಸಿ ಮಡಿಚಿ. ಮಾವಿನ ಹುಳಿ ಸಾದಾ ಉಕ್ಕನ್ನು ಕಪ್ಪಾಗಿಸುತ್ತದೆ, ಸೊನೆ ಮಡಿಕೆಯಲ್ಲಿ ಅಂಟಿ ಒಣಗಿದರೆ ಮರುದಿನ ವೇಳಾಂಗಣಿಯಲ್ಲಿ ಬಿಚ್ಚಲು ಇನ್ನೊಂದು ಚಾಕು ಬೇಕಾದೀತು.