ಆರನೇ ತಂತಿ ಬಿಚ್ಚಿಟ್ಟ ಮೇಲೆ

ಈ ಸಲ ಯುಗಾದಿಗೆ ಊರಿಗೆ ಹೋಗುವಾಗ ಗಿಟಾರನ್ನೂ ಹೊತ್ತುಕೊಂಡು ಹೋಗಿದ್ದೆ. ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿದಾಗ ಕಂಡಕ್ಟರ್ "ಇದಕ್ಕೂ ಒಂದು ಟಿಕೆಟ್ ಹರೀಲಾ ಸಾರ್?" ಅಂದ. ನಮ್ಮೂರು ಸಿದ್ದಾಪುರ. ಉತ್ತರ ಕನ್ನಡದ್ದಲ್ಲ ಸ್ವಾಮೀ (ಪ್ರತಿ ಸಲವೂ ಇದನ್ನು ಹೇಳಲೇಬೇಕು!), ಮೊಳಕಾಲ್ಮುರು ತಾಲ್ಲೂಕಿನದು. ಬಂಡೆ, ಬಿಸಿಲು, ಶೇಂಗಾ ಹೊಲ. ರಾಕ್ ಸಂಗೀತಕ್ಕೆ ಇದಕ್ಕಿಂತ ಒಳ್ಳೇ ಜಾಗ ಬೇಕಾ? :-)

ವಿಷಯಕ್ಕೆ ಬರ್ತೀನಿ. ನನ್ನ ಎಡಗೈ ಕಿರುಬೆರಳು ಮಡಚುವುದಿಲ್ಲ. ಹತ್ತನೇ ಕ್ಲಾಸಿನಲ್ಲಿದ್ದಾಗ ಶೇಂಗಾ ಒಡೆಯುವ ಮೆಷಿನ್ನಿನ ಬೆಲ್ಟಿಗೆ ಸಿಕ್ಕಿತ್ತು. ಸ್ವಿಚ್ ಹಾಕಿದ್ದು ಅಪ್ಪ. ನನ್ನ ಕೈ ಅಲ್ಲಿದ್ದದ್ದು ಅವರಿಗೆ ಕಂಡಿರಲಿಲ್ಲ. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಅಪ್ಪ ನನ್ನ ಎಡಗೈ ನೋಡುವುದನ್ನೇ ಬಿಟ್ಟರು.

ಬೆಂಗಳೂರಿಗೆ ಓದೋಕೆ ಬಂದಾಗ ಗಿಟಾರಿನ ಹುಚ್ಚು ಹಿಡಿಯಿತು. 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ತಂಡ ಅರಮನೆ ಮೈದಾನದಲ್ಲಿ ಹಾಡಿತು. ಟಿಕೆಟ್ಟಿಗೆ ದುಡ್ಡಿರಲಿಲ್ಲ. ರೂಮಿನಲ್ಲಿ ಕೂತು ಗೆಳೆಯನ ಕ್ಯಾಸೆಟ್ಟಿನಲ್ಲಿ ಅವರ 1981ರ 'ಸ್ಟಾರ್ಟ್ ಮಿ ಅಪ್' ಕೇಳಿದೆ. ಶುರುವಿನ ಆ ಗಿಟಾರ್ ತುಣುಕು ಇದೆಯಲ್ಲ, ಅದೊಂದನ್ನು ನುಡಿಸಿದರೆ ಸಾಕು ಅನ್ನಿಸಿತ್ತು. ಆದರೆ ಬ್ಯಾರ್ ಕಾರ್ಡ್ ಹಿಡಿಯೋಕೆ ನಾಲ್ಕೂ ಬೆರಳು ಬೇಕು. ತೋರುಬೆರಳು ಆರೂ ತಂತಿಗೆ ಅಡ್ಡ, ಉಳಿದ ಮೂರು ಅದರ ಮುಂದೆ. ಕಲಿಸುತ್ತಿದ್ದವರು ನನ್ನ ಕೈ ನೋಡಿ "ಕೀಬೋರ್ಡ್ ಕಲಿಯಪ್ಪ" ಅಂದರು. ಕೀಬೋರ್ಡಿಗೆ ಹತ್ತು ಬೆರಳು ಬೇಕು ಅಂತ ಪಾಪ ಅವರಿಗೆ ಹೊಳೆಯಲಿಲ್ಲ! ಗಿಟಾರ್ ಅಟ್ಟ ಸೇರಿತು.

ಇಪ್ಪತ್ತು ವರ್ಷ ಕಳೆದ ಮೇಲೆ ಒಂದು ವಿಷಯ ಗೊತ್ತಾಯಿತು. ಕೀತ್ ರಿಚರ್ಡ್ಸ್ ಆ ತುಣುಕನ್ನು ಮಾಮೂಲಿ ಶ್ರುತಿಯಲ್ಲಿ ನುಡಿಸೋದೇ ಇಲ್ಲ. ಅದಕ್ಕೆ 'ಓಪನ್ ಜಿ' ಅಂತಾರೆ. ಮಾಮೂಲಿ ಗಿಟಾರ್ ದಪ್ಪ ತಂತಿಯಿಂದ ಇ, ಎ, ಡಿ, ಜಿ, ಬಿ, ಇ. ಇದರಲ್ಲಿ ಎರಡು ಇ ತಂತಿಗಳನ್ನು ಡಿ ತನಕ, ಎ ತಂತಿಯನ್ನು ಜಿ ತನಕ ಸಡಿಲಿಸಬೇಕು. ನಡುವಿನ ಮೂರನ್ನು ಮುಟ್ಟುವ ಹಾಗಿಲ್ಲ. ಅವುಗಳನ್ನೇ ಕೇಳಿಕೊಂಡು ಉಳಿದವನ್ನು ಕೂಡಿಸಬಹುದು. ಎಲ್ಲಾ ಇಳಿಸೋದೇ, ತಂತಿ ಹರಿಯುವ ಭಯವಿಲ್ಲ. ಕೀತ್ ಅಂತೂ ಆರನೇ ತಂತಿಯನ್ನೇ ತೆಗೆದುಹಾಕುತ್ತಾನೆ. ಈಗ ಬೆರಳೇ ಇಡದೆ ಮೀಟಿದರೂ ಪೂರ್ತಿ ಕಾರ್ಡ್!

ಐದನೇ ಮನೆಯಲ್ಲಿ ತೋರುಬೆರಳು ಅಡ್ಡ ಇಟ್ಟರೆ ಸಿ ಕಾರ್ಡ್. ಅದನ್ನು ಹಾಗೇ ಒತ್ತಿಹಿಡಿದು ಎರಡನೇ ತಂತಿಯ ಆರನೇ ಮನೆಗೆ ಮಧ್ಯದ ಬೆರಳು, ನಾಲ್ಕನೇ ತಂತಿಯ ಏಳನೇ ಮನೆಗೆ ಉಂಗುರದ ಬೆರಳು ಬಡಿದು ತೆಗೆಯಬೇಕು. ಮೂರನೇ ಮನೆಗೆ ಜಾರಿ ಮತ್ತೆ ಅದೇ. ಮೂರೇ ಬೆರಳಿನ ಕೆಲಸ. ಓದಿದ ರಾತ್ರಿ ನಿದ್ದೆ ಬರಲಿಲ್ಲ ಕಣ್ರೀ.

ಊರಲ್ಲಿ ಸಂಜೆ ಮಾಳಿಗೆ ಮೇಲೆ ಕೂತು ಶ್ರುತಿ ಮಾಡುತ್ತಿದ್ದೆ. ಅಪ್ಪ ಮೆಟ್ಟಿಲು ಹತ್ತಿ ಬಂದರು. ಅವರು ಭಜನೆಯವರು, ತಂಬೂರಿ ಹಿಡಿದು ತತ್ವಪದ ಹಾಡುವವರು.

"ಇದೇನೋ, ತಂಬೂರಿ ಥರಾ ಕೇಳ್ತೈತೆ?"

ಹೌದಲ್ಲ! ಜಿ ಅನ್ನೋದನ್ನು ಷಡ್ಜ ಅಂದುಕೊಂಡರೆ ಐದು ತಂತಿಗಳು ಸ, ಪ, ಸ, ಗ, ಪ. ತಂಬೂರಿಯ ಸ-ಪ ಜೊತೆ ಒಂದು ಗಾಂಧಾರ ಅಷ್ಟೇ. ಇಷ್ಟು ದಿನ ನನಗೇ ಹೊಳೆದಿರಲಿಲ್ಲ.

ಬೆರಳು ಕೂತಿತ್ತು, ತಾಳ ಕೂತಿರಲಿಲ್ಲ. ಆ ತುಣುಕಿನ ಮೊದಲ ಪೆಟ್ಟು ಎಣಿಕೆಯ ಮೇಲೆ ಬೀಳೋದಿಲ್ಲ, ಅರೆ ಎಣಿಕೆ ಸರಿದು ಬೀಳುತ್ತೆ. ಡ್ರಮ್ಮು ಬಂದಾಗಲೇ ಮೋಸ ಗೊತ್ತಾಗೋದು. ಮೊಬೈಲಿನಲ್ಲಿ ಹಾಡು ಹಾಕಿ ನಾನು ಎಡವಿದ್ದೇ ಎಡವಿದ್ದು. ಅಪ್ಪ ಎರಡು ಸಲ ಕೇಳಿ ತೊಡೆ ತಟ್ಟತೊಡಗಿದರು.

"ನೀನು ತಾಳದ ಜೊತೆಗೇ ಬೀಳ್ತಿದೀಯ. ಅದು ಮುಟ್ಲಿ, ಆಮೇಲೆ ಎತ್ಕೋ."

ಎತ್ತಿಕೊಂಡೆ. ಬಂತು!

ನಮ್ಮೂರ ಹತ್ತಿರ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಪಕ್ಕದ ಬ್ರಹ್ಮಗಿರಿಯ ಬಂಡೆಯ ಮೇಲೆ ಚಪಡ ಎಂಬ ಲಿಪಿಕಾರ ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, 'ಲಿಪಿಕಾರ' ಅನ್ನುವ ಕೊನೇ ಪದವೊಂದನ್ನು ಮಾತ್ರ ಬಲದಿಂದ ಎಡಕ್ಕೆ, ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಚಿಕ್ಕವನಿದ್ದಾಗ ಅದು ಅವನ ಜಂಬ ಅಂದುಕೊಂಡಿದ್ದೆ. ಅವನ ಕೈಗೆ ಹಗುರವಾಗಿ ಬರುತ್ತಿದ್ದದ್ದು ಅದೇ ಇರಬೇಕು ಅಂತ ಈಗ ಅನ್ನಿಸುತ್ತೆ.

ಕತ್ತಲಾಗುವ ತನಕ ನುಡಿಸಿದೆ. ಅಪ್ಪ ಪಕ್ಕದಲ್ಲೇ ಕೂತಿದ್ದರು. ನನ್ನ ಎಡಗೈಯನ್ನೇ ನೋಡುತ್ತಿದ್ದಾರೆ ಅಂತ ಸುಮಾರು ಹೊತ್ತಿನ ಮೇಲೆ ಗೊತ್ತಾಯಿತು.

"ಆ ಬೆರಳು ಈಗ ಏನ್ ಮಾಡ್ತೈತೆ?" ಅಂದರು ಮೆಲ್ಲಗೆ.

"ಏನಿಲ್ಲಪ್ಪಾ, ಸುಮ್ನೆ ಕೂತು ಕೇಳ್ತೈತೆ."

ಅಪ್ಪ ನಕ್ಕರು. ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಊಟಕ್ಕೆ ಹೊತ್ತಾಯ್ತು ಅಂತ ಕೆಳಗಿಳಿದರು.

ನಿಮ್ಮ ಮನೆ ಅಟ್ಟದಲ್ಲೂ ಒಂದು ಗಿಟಾರ್ ಇದ್ದರೆ ಇಳಿಸಿ ನೋಡಿ. ನುಡಿಸೋಕೆ ಆಗಲ್ಲ ಅಂತ ಯಾರೋ ಹೇಳಿದ್ದರೆ, ಅವರು ಯಾವ ಶ್ರುತಿಯಲ್ಲಿ ಹೇಳಿದ್ದು ಅಂತ ಒಮ್ಮೆ ಕೇಳಿ :-)